ಮೇಲಿನ ಮೊರ ತಂದ್ಯಾ?

ಮೊನ್ನೆ ಚಾಮರಾಜಪೇಟೆಯ ನನ್ನ ತಂಗಿಯ ಮನೆಯಲ್ಲಿ ಒಂದು ಮೊರ ತನ್ನಷ್ಟಕ್ಕೆ ತಾನೇ ಸುತ್ತುತ್ತಿತ್ತು.

ಯಾರೂ ಮುಟ್ಟಿರಲಿಲ್ಲ. ಅರಿಶಿನ ಹಚ್ಚಿದ ಬಿದಿರಿನ ಮೊರ. ಒಳಗೆ ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ, ಬೆಲ್ಲದಚ್ಚು, ತೆಂಗಿನಕಾಯಿ. ಎಲ್ಲವೂ ಸೇರಿ ಗಂಭೀರವಾಗಿ ಪ್ರದಕ್ಷಿಣೆ ಹಾಕುತ್ತಿದ್ದವು.

ನನ್ನ ಜೊತೆ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ‘ಏನೇ ಇದು, ಮೊರಕ್ಕೆ ದೆವ್ವ ಹಿಡಿದಿದ್ಯಾ?’

‘ಶ್! ಸುಮ್ನಿರಮ್ಮ, ರೆಕಾರ್ಡಿಂಗ್ ಆಗ್ತಿದೆ’ ಎಂದು ಶಾಲಿನಿ ಪಿಸುಗುಟ್ಟಿದಳು.

ಶಾಲಿನಿ ನನ್ನ ತಂಗಿ. ಕಳೆದ ವರ್ಷ ಆಫೀಸಿಗೆ ನಮಸ್ಕಾರ ಹೇಳಿ ಮನೆಯಿಂದಲೇ ಆನ್‌ಲೈನ್ ವ್ಯಾಪಾರ ಶುರು ಮಾಡಿದವಳು. ಮಾರುವುದು ಗೌರಿ ಬಾಗಿನ. ಬಾಗಿನ ಕೊಡಬೇಕು, ಆದರೆ ಮಾರ್ಕೆಟ್ ಸುತ್ತಿ ಸಾಮಾನು ಹೊಂದಿಸಲು ಪುರುಸೊತ್ತಿಲ್ಲ ಎನ್ನುವವರು ಈ ಊರಿನಲ್ಲಿ ಕಡಿಮೆಯೇ? ಆರ್ಡರ್ ಚೆನ್ನಾಗಿಯೇ ಬಂದಿತ್ತು. ‘ಈ ಹಬ್ಬ ಕೈ ಹಿಡಿದರೆ ಬಿಸಿನೆಸ್, ಇಲ್ಲದಿದ್ದರೆ ಮತ್ತೆ ಅದೇ ಆಫೀಸು’ ಎಂದು ಗಂಡನಿಗೆ ಮಾತು ಕೊಟ್ಟಿದ್ದಳು. ಆ ಆಫೀಸಿನ ಹೆಸರೆತ್ತಿದರೆ ಈಗಲೂ ಅವಳಿಗೆ ತಲೆನೋವು ಬರುತ್ತದೆ.

ಹಾಗಾಗಿ ಹುಡುಗಿ ಟೊಂಕ ಕಟ್ಟಿ ನಿಂತಳು. ನಿಂತು ಏನು ಮಾಡಿದಳು? ಶಾಪಿಂಗ್ ಮಾಡಿದಳು!

ಮೊದಲು ರಿಂಗ್ ಲೈಟ್ ಬಂತು. ಆಮೇಲೆ ಮೊರವನ್ನು ಸುತ್ತಿಸುವ ಈ ಮೋಟಾರ್ ತಟ್ಟೆ. ಆಮೇಲೆ ಲೇಬಲ್ ಪ್ರಿಂಟರ್. (ಅದು ಯಾಕೋ ಪ್ರತಿ ವಿಳಾಸದ ಪಕ್ಕದಲ್ಲೂ ಒಂದು ಬೆಕ್ಕಿನ ಮುಖ ಅಚ್ಚು ಹಾಕುತ್ತಿತ್ತು. ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಾಗಲಿಲ್ಲ.) ಲೋಗೋ ಇರುವ ಏಪ್ರನ್ ಬಂತು. ಗೋಡೆಗೆ ಹಾಕುವ ಬಿಳಿ ಪರದೆ ಬಂತು. ಬಿಸಿನೆಸ್ ಬೆಳೆಸುವುದು ಹೇಗೆ ಎನ್ನುವ ಆನ್‌ಲೈನ್ ಕೋರ್ಸ್ ಬಂತು. ಆ ಕೋರ್ಸಿನವರು ಹೇಳಿದರೆಂದು ಇನ್ನೊಂದು ಕೋರ್ಸ್ ಬಂತು.

‘ಇಷ್ಟೆಲ್ಲ ಯಾಕೇ?’ ಎಂದು ಕೇಳಿದರೆ, ‘ಅಕ್ಕಾ, ನಿಂಗೊತ್ತಾಗಲ್ಲ, ಇದೆಲ್ಲ ಇನ್ವೆಸ್ಟ್‌ಮೆಂಟು’ ಎನ್ನುತ್ತಿದ್ದಳು.

ಅವತ್ತು ಹಾಲ್ ತುಂಬ ಅರಿಶಿನ ಹಚ್ಚಿದ ಮೊರಗಳ ಸಾಲು. ಎಲ್ಲದರಲ್ಲೂ ಸಾಮಾನು ಜೋಡಿಸಿ ಮುಗಿದಿತ್ತು. ಮಾರನೇ ದಿನ ಬೆಳಿಗ್ಗೆ ಕೊರಿಯರ್ ಗಾಡಿ ಬರಬೇಕು. ನೋಡಲು ಎರಡು ಕಣ್ಣು ಸಾಲದು. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಅಮ್ಮ ಬಂದಿದ್ದು ತಮ್ಮ ಬಾಗಿನ ತೆಗೆದುಕೊಂಡು ಹೋಗಲು. ‘ನೋಡೋಣ, ಭಾರ ಎಷ್ಟಿದೆ’ ಎಂದು ಒಂದು ಮೊರ ಎತ್ತಿಕೊಂಡರು. ಅಭ್ಯಾಸಬಲದಿಂದ ಸೆರಗು ಎಳೆದುಕೊಂಡು, ಇನ್ನೊಂದು ಕೈ ಚಾಚಿದರು.

‘ಮೇಲಿನ ಮೊರ ಕೊಡೇ.’

‘ಯಾವ ಮೇಲಿನ ಮೊರ?’ ಎಂದಳು ಶಾಲಿನಿ.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆ ತಟ್ಟೆಯ ಮೋಟಾರು ಮಾತ್ರ ಗುರ್ ಎನ್ನುತ್ತಲೇ ಇತ್ತು.

ಬಾಗಿನ ಅಂದರೆ ಜೋಡಿ ಮೊರ. ಕೆಳಗೊಂದರಲ್ಲಿ ಸಾಮಾನು, ಮೇಲೊಂದು ಮುಚ್ಚಲಿಕ್ಕೆ. ಇದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಶಾಲಿನಿಗೆ ಗೊತ್ತಿಲ್ಲವೇ? ಪ್ರತಿ ವರ್ಷ ಬಾಗಿನ ಕೊಡುವವಳು, ತೆಗೆದುಕೊಳ್ಳುವವಳು! ಆದರೆ ಎರಡು ತಿಂಗಳಿಂದ ಅವಳು ಬಾಗಿನವನ್ನು ನೋಡಿದ್ದೆಲ್ಲ ಲೈಟಿನ ಕೆಳಗೆ, ಫೋನಿನೊಳಗೆ. ಮುಚ್ಚಿದ ಮೊರದ ಫೋಟೋ ಯಾರು ಹಾಕುತ್ತಾರೆ? ಅವಳ ಪೇಜಿನಲ್ಲಿ ಎಲ್ಲ ಬಾಗಿನವೂ ಬಾಯಿ ತೆರೆದುಕೊಂಡೇ ಕೂತಿದ್ದವು. ಆ ಫೋಟೋ ನೋಡಿಕೊಂಡೇ ಸಾಮಾನು ತರಿಸಿದ್ದಳು. ಒಂದು ಆರ್ಡರಿಗೆ ಒಂದೇ ಮೊರ!

‘ಅಯ್ಯೋ ಅಕ್ಕಾ...’ ಎಂದು ಅಲ್ಲೇ ನೆಲಕ್ಕೆ ಕುಸಿದಳು. ‘ಮಲ್ಲೇಶ್ವರದ ಆಂಟಿಗೆ ಏನು ಹೇಳ್ಲಿ? ಅವ್ರ ಮಗಳಿಗೆ ಮದುವೆಯಾದ ಮೇಲೆ ಮೊದಲನೇ ಗೌರಿ. ಬಾಗಿನ ಪುಣೆಗೆ ಹೋಗ್ಬೇಕು. ನನ್ನನ್ನ ನಂಬ್ಕೊಂಡು ಕೂತಿದಾರೆ.’

ಕಣ್ಣಲ್ಲಿ ನೀರು. ನನಗೆ ಕರುಳು ಚುರುಕ್ ಎಂದಿತು. ಅಮ್ಮನಿಗೂ ಎಂದಿರಬೇಕು, ಆದರೆ ಅವರು ಬೈಯುವ ಮೂಲಕವೇ ಮುದ್ದು ಮಾಡುವವರು.

‘ಲೋಗೋ ಇರೋ ರಟ್ಟಿನ ಮುಚ್ಚಳ ಮಾಡಿಸಿದ್ರೆ ಹೇಗಮ್ಮ?’ ಎಂದು ಶಾಲಿನಿ ಮೆಲ್ಲಗೆ ಕೇಳಿದಳು.

‘ಗೌರಮ್ಮಂಗೆ ರಟ್ಟು ಮುಚ್ಚಿ ಕೊಡ್ತೀಯೇನೇ? ನಾಚಿಕೆ ಆಗಲ್ವಾ?’

‘ಹಾಗಾದ್ರೆ ಆನ್‌ಲೈನಲ್ಲಿ ಇವತ್ತೇ ತಂದ್ಕೊಡೋರು ಇದಾರಾ ನೋಡ್ತೀನಿ’ ಎಂದು ಫೋನ್ ತೆಗೆದಳು. ಅಮ್ಮ ಅದನ್ನು ಕಿತ್ತುಕೊಂಡು ತಮ್ಮ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ‘ಏಳು. ಆ ಮೊರ ಎಲ್ಲಿ ತಂದ್ಯೋ ಅಲ್ಲಿಗೇ ಹೋಗು.’

ತಂದದ್ದು ಶ್ರೀರಾಂಪುರದ ಕಡೆ ಮೊರ, ಬುಟ್ಟಿ ಹೆಣೆಯುವ ಮಂಜಮ್ಮನ ಹತ್ತಿರ. ಅಮ್ಮನನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಶಾಲಿನಿಯ ಕೈ ಫೋನ್ ಹುಡುಕುತ್ತಿತ್ತು, ಸಿಗದೆ ನನ್ನ ಕೈ ಹಿಡಿದುಕೊಳ್ಳುತ್ತಿತ್ತು.

ಹಬ್ಬದ ವಾರದಲ್ಲಿ ಮೊರ ಉಳಿದಿರುತ್ತದೆಯೇ? ‘ಎಲ್ಲ ಹೋಗೈತೆ ಕಣಮ್ಮ’ ಎಂದು ಮಂಜಮ್ಮ ಕೈ ಆಡಿಸಿದರು. ಅವರ ಹಿಂದೆಯೇ ಎತ್ತರಕ್ಕೆ ಜೋಡಿಸಿಟ್ಟ ಮೊರಗಳಿದ್ದವು.

‘ಮತ್ತೆ ಅವು?’ ಎಂದೆ.

‘ಅದು ಯಾವ್ದೋ ಕೆಫೆಯೋರ್ದು. ಗೋಡೆಗೆ ನೇತಾಕ್ತಾರಂತೆ, ಅಲಂಕಾರಕ್ಕೆ.’ ಮಂಜಮ್ಮ ಶಾಲಿನಿಯನ್ನು ನೋಡಿ ನಕ್ಕರು. ‘ನೀವೂ ಗೋಡೆಗೇ ಅಂತ ಅನ್ಕೊಂಡಿದ್ದೆ. ಒಂಟಿ ಒಂಟಿ ಲೆಕ್ಕದಲ್ಲಿ ತಗೊಂಡು ಹೋದ್ರಲ್ಲ?’

ಶಾಲಿನಿ ಮಂಜಮ್ಮನ ಫೋನ್ ಇಸಿದುಕೊಂಡು ಆ ಕೆಫೆಯವರಿಗೆ ಮಾಡಿದಳು. ಕೋರ್ಸಿನಲ್ಲಿ ಕಲಿತ ಇಂಗ್ಲಿಷ್ ಮಾತು ಒಂದೂ ಬಾಯಿಗೆ ಬರಲಿಲ್ಲ. ‘ಸರ್, ನಂದು ತಪ್ಪಾಗಿದೆ. ನಿಮ್ಮ ಗೋಡೆ ಮುಂದಿನ ವಾರಾನೂ ಅಲ್ಲೇ ಇರತ್ತೆ, ಗೌರಿ ಇರಲ್ಲ. ಈ ಮೊರ ನಂಗೆ ಬಿಟ್ಕೊಡಿ ಸರ್’ ಎಂದಳು. ಆ ಕಡೆಯಿಂದ ಜೋರಾಗಿ ನಗು ಕೇಳಿಸಿತು. ಒಪ್ಪಿಕೊಂಡರು. ಇಷ್ಟು ಒಳ್ಳೆಯ ಬಿಸಿನೆಸ್ ಮಾತನ್ನು ಅವಳು ಯಾವ ವಿಡಿಯೋದಲ್ಲೂ ಆಡಿರಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ನಾವಿಬ್ಬರು ಕಾಣಿಸುತ್ತಲೇ ಇರಲಿಲ್ಲ. ತೊಡೆಯ ಮೇಲೆ ಮೊರ, ಕಾಲ ಕೆಳಗೆ ಮೊರ, ತಲೆಯ ಮೇಲೊಂದು ಮೊರ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ‘ಏನ್ ಮೇಡಂ, ಹಬ್ಬ ಜೋರಾ?’ ಎಂದು ಕೇಳಿದರು. ನಗು ತಡೆಯಲಾಗದೆ ಶಾಲಿನಿ ಮೊರದ ಹಿಂದೆ ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ಅಮ್ಮ ಆಗಲೇ ಅರಿಶಿನ ಕಲಸಿಟ್ಟಿದ್ದರು. ಮೊರವನ್ನು ಆ ಸುತ್ತುವ ತಟ್ಟೆಯ ಮೇಲಿಟ್ಟು, ಬಟ್ಟೆ ಹಿಡಿದು ಕೂತರೆ ಸಾಕು, ಅರಿಶಿನ ತಾನೇ ಸುತ್ತಲೂ ಹತ್ತುತ್ತದೆ ಎಂದೂ ಕಂಡುಹಿಡಿದಿದ್ದರು. ‘ನೋಡು, ಇದೊಂದು ಪರವಾಗಿಲ್ಲ ಕಣೇ’ ಎಂದರು. ಬಿಳಿ ಪರದೆಯನ್ನು ನೆಲಕ್ಕೆ ಹಾಸಿ ಮೊರ ಒಣಗಿಸಿದೆವು. ಅದಿನ್ನು ಯಾವತ್ತೂ ಬೆಳ್ಳಗಾಗುವುದಿಲ್ಲ. ಹಾಡು ಹೇಳಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು, ಊಟದ ಹೊತ್ತಿಗೆ ಮುಗಿಸಿದೆವು. ಎಷ್ಟೋ ವರ್ಷಗಳ ನಂತರ ಅಮ್ಮನ ಜೊತೆ ಹಾಗೆ ಕೂತು ಕೆಲಸ ಮಾಡಿದ್ದು. ಎಂಥ ಖುಷಿ ಗೊತ್ತಾ?

ಆಮೇಲೆ ಯೋಚಿಸಿದೆ. ಶಾಲಿನಿ ಸೋಮಾರಿಯಲ್ಲ, ದಡ್ಡಿಯೂ ಅಲ್ಲ. ಆದರೆ ಕೊಳ್ಳುವುದೂ ಕೆಲಸ ಮಾಡಿದ ಹಾಗೇ ಅನಿಸುತ್ತದೆ ನೋಡಿ, ಅಲ್ಲೇ ಯಡವಟ್ಟು. ಬಾಕ್ಸ್ ಬರುತ್ತದೆ, ಬಿಚ್ಚುತ್ತೇವೆ, ಜೋಡಿಸುತ್ತೇವೆ, ಸುಸ್ತಾಗುತ್ತೇವೆ. ಅಬ್ಬಾ, ಇವತ್ತು ಎಷ್ಟು ಕೆಲಸವಾಯಿತು! ವಾಕಿಂಗ್ ಶೂ ಕೊಂಡು ಸೋಫಾದಲ್ಲೇ ಕೂತಿರುವ ಎಷ್ಟು ಜನ ಇದನ್ನು ಓದುತ್ತಿದ್ದೀರಿ? ಕೈ ಎತ್ತಬೇಡಿ, ಗೊತ್ತು.

ಹಬ್ಬದ ದಿನ ಪುಣೆಯಿಂದ ಒಂದು ಫೋಟೋ ಬಂತು. ಹೊಸ ಮದುಮಗಳು ಸೆರಗಿನ ಮರೆಯಲ್ಲಿ ಜೋಡಿ ಮೊರ ಹಿಡಿದು ನಗುತ್ತಿದ್ದಾಳೆ. ಮೊರ ಮುಚ್ಚಿದೆ, ಒಳಗಿನ ಬಳೆ, ಕನ್ನಡಿ ಒಂದೂ ಕಾಣುವುದಿಲ್ಲ. ಬೆಳಕೂ ಅಷ್ಟಕ್ಕಷ್ಟೇ. ಮೂಲೆಯಲ್ಲಿ ಬೆಕ್ಕಿನ ಮುಖದ ಲೇಬಲ್ ಬೇರೆ! ಶಾಲಿನಿ ಆ ಫೋಟೋ ನೋಡಿ ಅಡುಗೆಮನೆಯಲ್ಲೇ ಕುಣಿದಳು. ಅದನ್ನೇ ತನ್ನ ಪೇಜಿನ ಮೇಲೆ ಹಾಕಿಕೊಂಡಿದ್ದಾಳೆ. ಮುಂದಿನ ವರ್ಷದ ವರಮಹಾಲಕ್ಷ್ಮಿಗೂ ಈಗಲೇ ಹೇಳಿಡಬಹುದಾ ಎಂದು ಜನ ಕೇಳುತ್ತಿದ್ದಾರೆ. ಆಫೀಸಿನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ.

ಈ ಕಥೆಯನ್ನು ನಿಮಗೆ ಹೇಳಲೇಬೇಕೆಂದು ನಿನ್ನೆ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದೆ. ಯಾಕೋ ಕೀಬೋರ್ಡ್ ಸರಿಯಿಲ್ಲ ಅನಿಸಿತು. ಟಕ್ ಟಕ್ ಎಂದು ಸದ್ದು ಮಾಡುವ ಹೊಸದೊಂದಿದ್ದರೆ ಬರಹ ಸರಾಗವಾಗಿ ಹರಿಯುತ್ತದಲ್ಲವೇ? ನೋಡುತ್ತಾ ಹೋದೆ. ಮಧ್ಯಾಹ್ನವಾಯಿತು. ಕಾರ್ಟಿನಲ್ಲಿ ಕೀಬೋರ್ಡು, ಅದರ ಪಕ್ಕಕ್ಕೆ ಒಂದು ದೀಪ, ಬೆನ್ನಿಗೊಂದು ದಿಂಬು.

ಬಾಗಿಲಲ್ಲಿ ಸದ್ದಾಯಿತು. ಶಾಲಿನಿ ಒಳಗೆ ಬಂದು, ನನ್ನ ಭುಜದ ಮೇಲಿಂದ ಬಗ್ಗಿ ಸ್ಕ್ರೀನ್ ನೋಡಿ, ತಣ್ಣಗೆ ಕೇಳಿದಳು:

‘ಅಕ್ಕಾ, ಮೇಲಿನ ಮೊರ ತಂದ್ಯಾ?’