ಮೂವತ್ನಾಲ್ಕು ಗಿಡ, ಒಂದು ಡ್ರಮ್ಮು

ಜೇವರ್ಗಿಗೆ ಹೋಗದಿರಲು ನಮ್ಮ ಅತ್ತೆಯ ಬಳಿ ಮೂವತ್ನಾಲ್ಕು ಕಾರಣಗಳಿದ್ದವು. ಮೂವತ್ನಾಲ್ಕೂ ಆಳಂದದ ನಮ್ಮ ಮನೆಯ ಹಿತ್ತಲಲ್ಲಿ ಬೇರು ಬಿಟ್ಟುಕೊಂಡು ನಿಂತಿದ್ದವು: ಹನ್ನೆರಡು ಮುಳ್ಳುಬದನೆ, ಒಂಬತ್ತು ಟೊಮ್ಯಾಟೊ, ಎಂಟು ಮೆಣಸಿನಗಿಡ, ಎರಡು ದುಂಡುಮಲ್ಲಿಗೆ, ಒಂದು ಕರಿಬೇವು, ಒಂದು ನಿಂಬೆ, ಒಂದು ಹಾಗಲಬಳ್ಳಿ.

ಜೇವರ್ಗಿಯಲ್ಲಿರುವುದು ಅತ್ತೆಯ ಒಬ್ಬರೇ ತಂಗಿ, ನನಗೆ ಚಿಕ್ಕತ್ತೆ. ಪ್ರತಿ ರವಿವಾರ ಮುಂಜಾನೆ ಅವರ ಫೋನು ತಪ್ಪುವುದಿಲ್ಲ. "ಅಕ್ಕಾ, ಒಂದ ಎಂಟ ದಿನಾ ಇದ್ದು ಹೋಗೀಯಂತ ಬಾ" ಎನ್ನುತ್ತಿದ್ದರು. "ಹ್ಯಾಂಗ ಬರ್ಲಿಬೇ? ಎರಡ ದಿನಾ ನೀರ ತಪ್ಪಿದ್ರ ಗಿಡಾ ಸಾಯ್ತಾವ" ಎಂದು ಇವರ ಉತ್ತರ. "ಆತ ತಗೋ, ನನಕಿಂತ ನಿನ್ನ ಬದನಿಗಿಡಾನೇ ಹೆಚ್ಚು" ಎಂದು ಆ ಕಡೆಯಿಂದ ನಗು. ಫೋನಿಟ್ಟ ಮೇಲೆ ಅತ್ತೆಯೂ ನಗುತ್ತಿದ್ದರು. ಆದರೆ ಆಮೇಲೆ ಬಹಳ ಹೊತ್ತು ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದರು. ಚಿಕ್ಕತ್ತೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಅಕ್ಕ ತಂಗಿ ಮುಖ ನೋಡಿರಲಿಲ್ಲ.

ಮನೆಯಲ್ಲಿ ಬೇರೆ ಯಾರೂ ಇಲ್ಲವೇ, ಗಿಡಕ್ಕೆ ನೀರು ಹಾಕಲು ಎಂದು ನೀವು ಕೇಳಬಹುದು. ನನ್ನ ಗಂಡ ಬೆಳಗಾದರೆ ಕಲಬುರಗಿಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಮಟಕಿ ಕಡೆಯ ಬಸ್ಸು ಹಿಡಿದು ಶಾಲೆಗೆ ಹೋಗುತ್ತೇನೆ. ಜೊತೆಗೆ ನನ್ನ ಮೇಲೆ ಒಂದು ಆರೋಪವೂ ಇದೆ. ಹಿಂದೊಮ್ಮೆ ಅತ್ತೆಗೆ ಜ್ವರ ಬಂದಾಗ ಹಿತ್ತಲನ್ನು ನನ್ನ ಕೈಗೆ ಕೊಟ್ಟಿದ್ದರು. ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿ ನಾನು ಮರೆತೆ, ಎರಡು ಮೆಣಸಿನಗಿಡ ಸತ್ತವು. ಆ ಎರಡು ಗಿಡಗಳ ಹೆಸರು ನಮ್ಮ ಮನೆಯಲ್ಲಿ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ.

ನಾನು ವಿಜ್ಞಾನ ಕಲಿಸುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅದು ಸುಳ್ಳು, ಇನ್ನೂ ಸ್ವಲ್ಪ ಮುಂದೆಯೇ ಇರುತ್ತದೆ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ್ದ ಒಂದು ರವಿವಾರ, ಅದೇ ಫೋನು, ಅದೇ ಉತ್ತರ ಕೇಳಿ ನನಗೆ ರೇಗಿ ಹೋಯಿತು. "ಅತ್ತೀ, ಗಿಡಕ್ಕ ತನ್ನಷ್ಟಕ್ಕ ತಾನೇ ನೀರ ಬರೂ ಹಂಗ ಮಾಡ್ತೇನಿ. ಆಮ್ಯಾಲ ಹೋಗ್ತೀರೋ ಇಲ್ಲೋ?" ಎಂದೆ. "ಮಾಡು ನೋಡೂಣು" ಎಂದರು. ಆ ದನಿಯಲ್ಲಿ ನನ್ನ ಮೇಲೆ ಒಂದು ಚೂರೂ ನಂಬಿಕೆ ಇರಲಿಲ್ಲ.

ಅಫಜಲಪುರ ನನ್ನ ತವರು. ಅಲ್ಲಿ ನಮ್ಮಣ್ಣ ಕಬ್ಬಿಗೆ ಹನಿ ನೀರಾವರಿ ಮಾಡಿಸಿದ್ದಾನೆ. ಅವನು ಕಿತ್ತು ಮೂಲೆಗೆ ಹಾಕಿದ್ದ ಹಳೆಯ ಪೈಪನ್ನು ಸುರುಳಿ ಸುತ್ತಿಸಿಕೊಂಡು ತಂದೆ. ಎರಡು ನೂರು ಲೀಟರಿನ ಒಂದು ನೀಲಿ ಡ್ರಮ್ಮು ತಂದೆ. ಮೋಟಾರು ಬೇಡ, ಕರೆಂಟು ಬೇಡ. ಎತ್ತರದಲ್ಲಿ ಡ್ರಮ್ಮು, ಕೆಳಗೆ ಪೈಪು, ನೀರು ತನ್ನ ಭಾರಕ್ಕೆ ತಾನೇ ಇಳಿದು ಗಿಡದ ಬುಡಕ್ಕೆ ಹನಿ ಹನಿಯಾಗಿ ಬೀಳಬೇಕು. ಪ್ರತಿ ವರ್ಷ ಕರಿಹಲಗೆಯ ಮೇಲೆ ಗುರುತ್ವಾಕರ್ಷಣೆಯ ಪಾಠ ಬರೆಯುವವಳಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಚಾಚಾ ಇದ್ದಾರೆ. ಮೊದಲು ನಳ ಕೂಡಿಸುವ ಮಿಸ್ತ್ರಿಯಾಗಿದ್ದವರು, ಈಗ ಮನೆಯಲ್ಲೇ ಇರುತ್ತಾರೆ. ಡ್ರಮ್ಮಿನ ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದು ತೋಟಿ, ಅಂದರೆ ನಲ್ಲಿ, ಕೂಡಿಸಿಕೊಟ್ಟವರು ಅವರೇ. ಕಸ ತಳಕ್ಕೆ ಕೂಡುತ್ತದೆ, ಅದು ಪೈಪಿಗೆ ಹೋಗಬಾರದು ಎಂದು ನಾಲ್ಕು ಬೆರಳು ಬಿಡಿಸಿದರು. "ಟೀಚರಬಾಯಿ, ಜೋರ ಬೇಕಂದ್ರ ಊಂಚಾ ಇಡಬೇಕ್ರಿ. ಮಾಳಿಗಿ ಮ್ಯಾಲ ಇಟ್ಟಬಿಡ್ರಿ" ಎಂದರು. ಅಡುಗೆಮನೆಯಿಂದಲೇ ಅತ್ತೆ ಕೂಗಿದರು: "ಮಣ್ಣಿನ ಮಾಳಿಗಿ ಐತಿ ಚಾಚಾ! ಅದರ ಮ್ಯಾಲ ಡ್ರಮ್ಮಿಟ್ರ ಅದು ನಮ್ಮ ತಲಿ ಮ್ಯಾಲೇ ಇಳೀತದ!" ಹಾಗಾಗಿ ಬಿದ್ದ ಗೋಡೆಯ ಕಲ್ಲುಗಳನ್ನು ಎದೆಮಟ್ಟ ಪೇರಿಸಿ, ಮೇಲೊಂದು ಫರಸಿಕಲ್ಲು ಹಾಸಿ, ಬಚ್ಚಲ ಪಕ್ಕದಲ್ಲಿ ಡ್ರಮ್ಮು ಕೂಡಿಸಿದೆವು. ನಳಕ್ಕೆ ಅದೇ ಹತ್ತಿರ ಎಂದು ಆ ಜಾಗ ಆರಿಸಿದವಳು ನಾನು.

ಅಣ್ಣನ ಪೈಪು ಮೊದಲ ದಿನವೇ ಕೈ ಕೊಟ್ಟಿತು. ಅದರೊಳಗೆ ಮೊದಲೇ ಕೂಡಿಸಿದ್ದ ತೂತುಗಳು ಮೋಟಾರಿನ ಒತ್ತಡಕ್ಕೆ ಮಾಡಿದವು, ನಮ್ಮ ಡ್ರಮ್ಮಿನ ನೀರಿಗೆ ಅವು ಬಾಯಿ ಬಿಡಲೇ ಇಲ್ಲ. ಚಾಚಾ ನಕ್ಕು, ತೂತಿಲ್ಲದ ಪೈಪು ಹಾಕಿಸಿದರು. ತೊಗರಿ ಚೀಲ ಹೊಲಿಯುವ ದಬ್ಬಣ ಕಾಯಿಸಿ ಗಿಡಕ್ಕೊಂದು ತೂತು ಹಾಕಿದೆವು. ಒಂದೊಂದು ತೂತಿಗೆ ಕಡ್ಡಿಯಷ್ಟು ಸಣ್ಣ ನಳಿಗೆ ಸಿಕ್ಕಿಸಿ ಗಿಡದ ಬುಡಕ್ಕೆ ಬಿಟ್ಟೆವು. ಪೈಪಿನ ತುದಿ ಮಡಚಿ ಕಟ್ಟಿದೆವು. ನಾನು ಶಾಲೆಯಲ್ಲಿ ಧ್ವಜ ಏರಿಸುವವರ ಗತ್ತಿನಲ್ಲಿ ತೋಟಿ ತಿರುಗಿಸಿದೆ.

ಬದನೆಗೆ ನೀರು ಬಂತು. ಟೊಮ್ಯಾಟೊಗೆ ಬಂತು. ಎರಡು ಮೆಣಸಿನಗಿಡಕ್ಕೆ ಬಂದು ನಿಂತಿತು. ಉಳಿದ ಆರು ಮೆಣಸು, ಮಲ್ಲಿಗೆ, ಕರಿಬೇವು, ನಿಂಬೆ, ಹಾಗಲ, ಒಟ್ಟು ಹನ್ನೊಂದು ಗಿಡಗಳು ಒಣಗಿದ ಬಾಯಿ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದವು. ಪೈಪು ಊದಿದೆ, ಅಲುಗಿಸಿದೆ, ಬಡಿದೆ, ಬೈದೂ ಬೈದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಸಾವಕಾಶ ನೋಡಿ ಹೇಳಿದರು: "ಮೂವತ್ತ ವರ್ಷ ಇಲ್ಲಿ ಕೊಡಾ ಸುರಿದೇನಿ. ಈ ಹಿತ್ತಲದಾಗ ನೀರು ನಿಂಬಿಗಿಡದಿಂದ ಬಚ್ಚಲ ಕಡಿ ಓಡ್ತದ. ಬಚ್ಚಲದಿಂದ ನಿಂಬಿ ಕಡಿ ಏರಂಗಿಲ್ಲ. ನೀ ಡ್ರಮ್ಮು ತಗ್ಗಿನಾಗ ಇಟ್ಟೀದಿ."

ನೋಡಿದರೆ ನಿಜ. ಕಣ್ಣಿಗೆ ಕಾಣದ ಒಂದು ಗೇಣು ಏರು. ಮೊದಲಿನ ತೂತುಗಳಲ್ಲೇ ಜೋರು ಕಳೆದುಕೊಂಡ ನೀರಿಗೆ ಅಷ್ಟನ್ನೂ ಹತ್ತಲಾಗಿರಲಿಲ್ಲ. ಚಾಚಾ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡರು. ನಾನು ಕಲ್ಲು ಹೊರಲು ಶುರುಮಾಡಿದೆ. ಡ್ರಮ್ಮು ನಿಂಬೆಗಿಡದ ಮೂಲೆಗೆ ಹೋಯಿತು. ಮೂವತ್ನಾಲ್ಕೂ ಗಿಡಗಳ ಬುಡದಲ್ಲಿ ಹನಿ ಬಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅತ್ತೆ ಒಂದೊಂದು ಗಿಡದ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು ನೋಡಿದರು. "ಇದೇನು, ಬೆಕ್ಕು ಕುಡಿಯೂ ಅಷ್ಟೂ ಇಲ್ಲಲ್ಲ" ಎಂದು ಮೂಗು ಮುರಿದರು. ಸಂಜೆಯ ಹೊತ್ತಿಗೆ ಬುಡದ ಮಣ್ಣು ಬೆರಳುದ್ದ ಆಳಕ್ಕೆ ನೆಂದಿದ್ದನ್ನು ಅವರೇ ಕೆದಕಿ ನೋಡಿದರು.

ಒಪ್ಪಂದ ಹೀಗಿತ್ತು: ಡ್ರಮ್ಮು ಒಮ್ಮೆ ತುಂಬಿ ನಾಲ್ಕು ದಿನ ಯಾರೂ ಮುಟ್ಟಬಾರದು. ಗಿಡಗಳು ತಾಜಾ ಇದ್ದರೆ ಅತ್ತೆ ಜೇವರ್ಗಿಗೆ ಹೋಗಬೇಕು.

ಮೂರನೆಯ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಹಿತ್ತಲು ಕೆಸರುಗದ್ದೆಯಾಗಿದೆ. ಡ್ರಮ್ಮಿನಲ್ಲಿ ಗೇಣು ನೀರೂ ಇಲ್ಲ. ಅಂದು ನಳ ಬಂದಿತ್ತು. ಬೇಸಿಗೆಯಲ್ಲಿ ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತದೆ. ಬಂದಾಗ ಪ್ರತಿ ಮನೆಯವರೂ ಮಾಡುವ ಮೊದಲ ಕೆಲಸ, ಇದ್ದಬಿದ್ದ ಹಳೆಯ ನೀರನ್ನೆಲ್ಲ ಚೆಲ್ಲಿ ಕೊಡ, ಹಂಡೆ, ನೀರಿನ ತೊಟ್ಟಿ ತೊಳೆದು ಹೊಸ ನೀರು ತುಂಬುವುದು. ನೀರಿಗಾಗಿ ಐದು ದಿನ ಕಾದವರೇ ಉಳಿದ ನೀರನ್ನು ಬೀದಿಗೆ ಸುರಿಯುತ್ತೇವೆ. ಓಣಿ ಒದ್ದೆಯಾಗಿದ್ದರೆ ನಳ ಬಂದಿದೆ ಎಂದು ಬಸ್‌ಸ್ಟ್ಯಾಂಡಿನಿಂದ ಬರುವವರಿಗೂ ಗೊತ್ತಾಗುತ್ತದೆ. ಅತ್ತೆ ಡ್ರಮ್ಮಿನದ್ದನ್ನೂ ಚೆಲ್ಲಿದ್ದರು, ಹೊಸದು ತುಂಬುವ ಮೊದಲೇ ನಳ ನಿಂತಿತ್ತು. "ಗಿಡಕ್ಕ ಹಳೇ ನೀರು ನಡೀತದ್ರಿ ಅತ್ತೀ" ಎಂದೆ. "ಅವೂ ಮನಿ ಮಂದಿ ಇದ್ದಂಗ, ಅವಕ್ಕ್ಯಾಕ ಹಳೇದು?" ಎಂದರು. ರೂಢಿಯ ಜೊತೆ ಜಗಳ ಬೇಡವೆಂದು ನಾನು ನುಂಗಿಕೊಂಡೆ.

ಮುಂದಿನ ಸಲ ನಳ ಬಂದಾಗ ಮತ್ತೆ ತುಂಬಿದೆವು, ಮತ್ತೆ ನಾಲ್ಕು ದಿನದ ಲೆಕ್ಕ. ಎರಡನೆಯ ದಿನವೇ ಡ್ರಮ್ಮು ಖಾಲಿ. "ಹಳೇದಾಗಿತ್ತು, ಚೆಲ್ಲಿದೆ" ಎಂದರು ಅತ್ತೆ, ಸೌತೆಕಾಯಿ ಹೆಚ್ಚುತ್ತ. ನಾನು ಹೊರಗೆ ಹೋಗಿ ಓಣಿ ನೋಡಿದೆ. ಒಂದು ಹನಿ ತೇವವಿರಲಿಲ್ಲ. ನಳ ಬಾರದ ದಿನ ನೀರು ಚೆಲ್ಲುವ ಹೆಂಗಸು ಇಡೀ ಆಳಂದದಲ್ಲಿ ಸಿಗುವುದಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ಹೋಗಲಿಕ್ಕ ಮನಸಿಲ್ಲಂದ್ರ ಇಲ್ಲಂತ ಹೇಳ್ರಿ! ನನ್ನ ಕೈಲಿ ಕಲ್ಲ ಯಾಕ ಹೊರಸಿದ್ರಿ?" ಎಂದು ಚಾಚಾನ ಮನೆಗೆ ಕೇಳುವ ಹಾಗೆ ಕೂಗಿದೆ.

ಅತ್ತೆ ತಿರುಗಿ ಕೂಗುತ್ತಾರೆಂದು ಕಾದಿದ್ದೆ. ಅವರು ಈಳಿಗೆ ಬದಿಗಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತರು.

"ತಂಗಿ ಗಂಡ ತೀರಿಕೊಂಡ ದಿನಾ ನಸುಕಿನಾಗ ಫೋನ ಬಂದಿತ್ತು" ಎಂದರು. "ಅವರಿಗೆ ಆರಾಮಿಲ್ಲ, ಲಗೂ ಬಾ ಅಕ್ಕಾ ಅಂದ್ಳು. ನಳ ಬಂದಿತ್ತು. ನೀರ ತುಂಬಿ, ಗಿಡಕ್ಕ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೋದ್ರಾತು ಅಂದೆ. ಆರಾಮಿಲ್ಲ ಅಂದ್ರ ಇಷ್ಟಂತ ನನಗೇನ ಗೊತ್ತಿತ್ತು? ನಾ ಮುಟ್ಟೂದ್ರಾಗ ಮಣ್ಣ ಮಾಡಿ ಬಂದಿದ್ರು. ನನ್ನ ನೋಡಿ, 'ಈಗ ಬಂದೀ ಏನಕ್ಕಾ' ಅಂದ್ಳು. ಅಷ್ಟ. ಮತ್ತೇನೂ ಅನ್ನಲಿಲ್ಲ. ಎಂಟ ದಿನಾ ಅಕಿ ಮನ್ಯಾಗ ಯಾವ ಮಾರಿ ಹೊತ್ತು ಕುಂಡ್ರಲಿ?"

ನನಗೆ ಇದು ಗೊತ್ತಿರಲಿಲ್ಲ. ಆಗ ನಾನು ತವರಲ್ಲಿದ್ದೆ, ಮರುದಿನ ಅಫಜಲಪುರದಿಂದಲೇ ಜೇವರ್ಗಿಗೆ ಹೋಗಿದ್ದೆ. ಕೂಗಿದ್ದಕ್ಕೆ ನಾಚಿಕೆಯಾಯಿತು. ಸಮಾಧಾನದ ಮಾತು ನನಗೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಅವರ ಜೊತೆ ಉಳಿದ ಸೌತೆಕಾಯಿ ಹೆಚ್ಚಿದೆ.

ರವಿವಾರ ಫೋನು ಬಂದಾಗ ನಾನೇ ಎತ್ತಿದೆ. ಹಳೆಯ ಮಾತು ತೆಗೆಯಲಿಲ್ಲ. ಡ್ರಮ್ಮು, ಪೈಪಿನ ಕತೆ ಹೇಳಿದೆ. ಚಿಕ್ಕತ್ತೆಗೆ ಆಸೆಯಾಯಿತು. "ನಂದೂ ನುಗ್ಗಿ, ಕರಿಬೇವು ಒಣಗಾಕತ್ತಾವ ಮಗಳ. ನೀ ಬಂದು ಹಾಕಿಕೊಡ್ತೀ ಏನು?" ಎಂದರು.

ಆಗ ನಾನು ಜೀವನದಲ್ಲಿ ಬಹಳ ಕಡಿಮೆ ಸಲ ಮಾಡಿರುವ ಕೆಲಸ ಮಾಡಿದೆ. "ನನಗ ಬರಂಗಿಲ್ರಿ ಚಿಕ್ಕತ್ತಿ" ಎಂದೆ. "ನಾ ಹಾಕಿದ್ದು ಹನ್ನೊಂದ ಗಿಡಕ್ಕ ನೀರೇ ಮುಟ್ಟಿರಲಿಲ್ಲ. ಅತ್ತಿನೇ ಸರಿ ಮಾಡ್ಯಾರ. ಬೇಕಂದ್ರ ಅವರನ್ನ ಕರೀರಿ." ಅತ್ತೆ ನನ್ನನ್ನು ಸುಡುವ ಹಾಗೆ ನೋಡಿದರು. ಫೋನಿನೊಳಗಿಂದ ಚಿಕ್ಕತ್ತೆ ಕೂಗಿದರು: "ಅಕ್ಕಾ! ಪಾವಣೇರಾಗಿ ಉಂಡು ಇದ್ದು ಹೋಗಾಕಂತೂ ಒಲ್ಲಿ. ಮಿಸ್ತ್ರಿಯಾಗೇರ ಬಾ!" ಅತ್ತೆಗೆ ನಗು ತಡೆಯಲಾಗಲಿಲ್ಲ. "ಡ್ರಮ್ಮು ತಂದ ಇಡು, ತಗ್ಗಿನಾಗ ಇಡಬ್ಯಾಡ" ಎಂದುಬಿಟ್ಟರು.

ಮುಂದಿನ ರವಿವಾರ ಹೊರಟೆವು. ನಮ್ಮ ಡ್ರಮ್ಮು ತುಂಬಿತ್ತು, ಮತ್ತೆ ತುಂಬುವ ಜವಾಬ್ದಾರಿ ಚಾಚಾ ವಹಿಸಿಕೊಂಡಿದ್ದರು. ಅತ್ತೆ ಪೈಪಿನ ಸುರುಳಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು, ಮೇಲಿಡಲು ಕಂಡಕ್ಟರಿಗೂ ಕೊಡಲಿಲ್ಲ. ಕಲಬುರಗಿಯಲ್ಲಿ ಬಸ್ಸು ಬದಲಿಸುವವರೆಗೆ ಹೇಗೆ ತೂತು ಹಾಕಬೇಕೆಂದು ನನಗೇ ಪಾಠ ಹೇಳಿದರು. ಭೀಮಾ ದಾಟಿದ ಮೇಲೆ ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಸೆರಗಿನಿಂದ ಎರಡು ಸಲ ಮುಖ ಒರೆಸಿಕೊಂಡರು.

ಬಾಗಿಲಲ್ಲಿ ಚಿಕ್ಕತ್ತೆ ನಿಂತಿದ್ದರು. "ಬಾ ಅಕ್ಕಾ" ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಇಬ್ಬರೂ ಬಿಸಿಲಿನ ಮಾತಾಡಿದರು, ಮೊಣಕಾಲಿನ ಮಾತಾಡಿದರು, ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಅತ್ತೆ ಹಿತ್ತಲಿಗೆ ಎದ್ದರು. ಒಂದು ತಂಬಿಗೆ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆಂದು ನೋಡಿದರು. ಡ್ರಮ್ಮಿನ ಜಾಗ ಬದಲಿಸಿದರು. ನಾನು ದಬ್ಬಣ ಕಾಯಿಸಿ ಕೊಡುತ್ತಿದ್ದೆ, ಅವರು ತೂತು ಹಾಕುತ್ತಿದ್ದರು, ಚಿಕ್ಕತ್ತೆ ಪೈಪು ಬಿಗಿಯಾಗಿ ಹಿಡಿದಿದ್ದರು.

ನಾಲ್ಕನೆಯ ತೂತು ಹಾಕುತ್ತ, ತಲೆ ಎತ್ತದೆ, ಅತ್ತೆ ಅಂದರು: "ಅವತ್ತ ನಾ ಲಗೂ ಬರಬೇಕಿತ್ತು. ಗಿಡಕ್ಕ ನೀರ ಹಾಕ್ಕೋತ ಕುಂತೆ."

ಚಿಕ್ಕತ್ತೆ ಪೈಪು ಬಿಡಲಿಲ್ಲ. "ನಾ ಏನರ ಅಂದ್ನೇನಕ್ಕಾ ಅವತ್ತು?" ಎಂದು ಕೇಳಿದರು. "ನನಗ ಏನೂ ನೆನಪಿಲ್ಲ. ಮುಂಜಾನಿಂದ ಮಂದಿ ಎಲ್ಲಾ ಅಳು, ಅಳು ಅಂತಿದ್ರು. ಎದಿ ಕಲ್ಲಾಗಿತ್ತು, ಕಣ್ಣಾಗ ನೀರೇ ಬರವಲ್ದಾಗಿತ್ತು. ಸಂಜಿಗೆ ನೀ ಬಾಗಲದಾಗ ಕಂಡಿ ನೋಡು, ಆಗ ಅಳು ಬಂತು. ನೀ ಬರಲಾರದ್ರ ಅವತ್ತ ನಾ ಹುಚ್ಚಿ ಆಗ್ತಿದ್ದೆ."

ದಬ್ಬಣ ಪೈಪಿನ ಮೇಲೆ ಜಾರಿತು. ಅತ್ತೆ ಅದನ್ನು ಕೆಳಗಿಟ್ಟು, ಸೆರಗು ಕಣ್ಣಿಗೆ ಒತ್ತಿಕೊಂಡು, ಸಿಟ್ಟಿನಿಂದಲೇ ಕೇಳಿದರು: "ಎರಡ ವರ್ಷಾತು. ಇಷ್ಟ ದಿನಾ ಯಾಕ ಹೇಳಲಿಲ್ಲಬೇ ನನಗ?"

"ಫೋನಿನ್ಯಾಗ ಹೇಳೂ ಮಾತೇನ ಇದು?" ಎಂದರು ಚಿಕ್ಕತ್ತೆ. "ನೀ ಬಂದ್ರ ತಾನ ಹೇಳೂದು!"