ಸಿಡಿಲಕ್ಕ ಮತ್ತು ಕಿತ್ತುಹಾಕಿದ ರಿಲೇ

ಅವಳಿಗೆ ಸಿಡಿಲಕ್ಕ ಎಂದು ಹೆಸರಿಟ್ಟವರು ಎದುರು ಸಾಲಿನ ಟೈರ್ ಅಂಗಡಿಯವರು. ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತಿದ ಸದ್ದಿನ ಹಿಂದೆಯೇ ಅವಳ ದನಿಯೂ ಏಳುತ್ತಿತ್ತು. ಯಾರೋ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದ್ದಾರೆ, ವೈರ್ ಮಾರುವವನು ಕಳಪೆ ಮಾಲು ತಂದಿದ್ದಾನೆ, ಅರ್ಧ ಕೆಲಸವಾದ ಮೇಲೆ ಗಿರಾಕಿ ಮನಸ್ಸು ಬದಲಿಸಿದ್ದಾನೆ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಅವಳ ಗಂಡ ಬಡಗಿ, ಬೆಣ್ಣೆಯಂಥ ಮನುಷ್ಯ; ಯಾರಿಗೂ ಇಲ್ಲ ಎಂದವನಲ್ಲ. "ಪಾಪ, ಇವಳ ಜೊತೆ ಹೇಗೆ ಬಾಳ್ತಾನಪ್ಪಾ" ಎಂದು ಬೀದಿಯವರು ಅವನಿಗಾಗಿ ಮರುಗುತ್ತಿದ್ದರು.

ಇಬ್ಬರೂ ಸೇರಿ ಹಳೆಯ ವ್ಯಾನು, ಮಿನಿ ಬಸ್ಸುಗಳನ್ನು ಮನೆಗಾಡಿಗಳಾಗಿ ಮಾಡಿಕೊಡುತ್ತಿದ್ದರು. ಮಂಚ, ಕಪಾಟು, ಅಡುಗೆಕಟ್ಟೆ ಅವನದು. ವೈರಿಂಗ್ ಪೂರಾ ಅವಳದು. ಅಪ್ಪನ ಮೋಟರ್ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ಬೆಳೆದವಳು ಅವಳು.

ಮನೆಗಾಡಿಗೆ ಎರಡು ಕಡೆಯಿಂದ ಕರೆಂಟು. ನಿಂತ ಜಾಗದಲ್ಲಿ ಕಂಬವಿದ್ದರೆ ಉದ್ದನೆಯ ಕೇಬಲ್ ಎಳೆದು ಗಾಡಿಯ ಪಕ್ಕೆಗೆ ಸಿಕ್ಕಿಸುವುದು. ಇಲ್ಲದಿದ್ದರೆ ಒಳಗಿನ ಬ್ಯಾಟರಿ, ಅದರ ಇನ್ವರ್ಟರ್. ಇವೆರಡರ ನಡುವೆ ಸಿಡಿಲಕ್ಕ ರಿಲೇ ಕೂರಿಸುತ್ತಿದ್ದಳು. ಹೊರಗಿನ ಕರೆಂಟು ಬಂದೊಡನೆ ಅದು ಟಕ್ ಎಂದು ಬ್ಯಾಟರಿಯನ್ನು ಬಿಟ್ಟು ಕೇಬಲನ್ನು ಹಿಡಿಯುತ್ತದೆ. ಹೋದೊಡನೆ ಟಕ್ ಎಂದು ಬ್ಯಾಟರಿಗೆ ಮರಳುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಅದಕ್ಕೆ ಬರುವುದೇ ಇಲ್ಲ. "ಅದಕ್ಕೆ ಬರಲ್ಲ ಅಂತಲೇ ನೀವು ಬದುಕಿರ್ತೀರಿ, ತಿಳ್ಕೊಳ್ಳಿ" ಎಂದು ಪ್ರತಿ ಗಿರಾಕಿಗೂ ಗದರಿಯೇ ಹೇಳಿ ಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಮುದಿ ಲಾರಿ ಡ್ರೈವರನೊಬ್ಬನ ಫೋನ್ ಬಂತು. ಆಯುಷ್ಯವೆಲ್ಲ ಬೇರೆಯವರ ಸರಕು ಸಾಗಿಸಿ, ಕೆಲಸ ಬಿಟ್ಟ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಊರೂರು ಸುತ್ತಲೆಂದು ಇವರ ಹತ್ತಿರ ಮನೆಗಾಡಿ ಮಾಡಿಸಿಕೊಂಡವನು.

"ತಂಗೀ, ನಮ್ಮನೆಯವಳಿಗೆ ಕರೆಂಟು ಹೊಡೀತು. ಕೇಬಲ್ ಕಿತ್ತಾದ ಮೇಲೆ ಹೊಡೀತು. ಬಿದ್ದು ಮಣಿಕಟ್ಟು ಮುರ್ಕೊಂಡಿದ್ದಾಳೆ."

"ಕಿತ್ತ ಮೇಲೆ ಹೊಡೆಯೋಕೆ ಸಾಧ್ಯಾನೇ ಇಲ್ಲ! ಯಾರ ಕೈಗೆ ಕೊಟ್ಟಿದ್ರಿ ಗಾಡೀನ? ಯಾವ ಮಹಾನುಭಾವ ಕೈಹಾಕಿದ?"

"ನೀವೇ ಬಂದು ನೋಡಿ" ಎಂದ.

ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ ಗಂಡ ಕೈ ನಿಲ್ಲಿಸಿ, "ನಾನೂ ಬರಲಾ?" ಎಂದ.

"ವೈರಿನ ವಿಷಯ ನಿಮಗೇನು ಗೊತ್ತು?" ಎಂದವಳೇ ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ, ಮುಖ ಕಾಣದ ಆ ಮಹಾನುಭಾವನ ಜನ್ಮ ಜಾಲಾಡಿದಳು.

ಗಾಡಿ ಊರಾಚೆಯ ಮೈದಾನದಲ್ಲಿ ನಿಂತಿತ್ತು. ಸೀಟಿನ ಕೆಳಗಿನ ಮುಚ್ಚಳ ತೆಗೆದಳು. ರಿಲೇ ಇರಲಿಲ್ಲ. ಕೇಬಲಿನ ವೈರನ್ನೂ ಇನ್ವರ್ಟರಿನ ವೈರನ್ನೂ ಜಡೆಯಂತೆ ಹೆಣೆದು ಟೇಪು ಸುತ್ತಲಾಗಿತ್ತು. ಟೇಪಿನ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಚಲಾಗಿತ್ತು, ಮುಂದೆ ಬಿಚ್ಚುವವರಿಗೆ ಉಗುರು ಹಾಕುವ ಕಷ್ಟ ಬೇಡ ಎಂದು. ಟೇಪಿನಲ್ಲೂ ಉಪಕಾರ ಮಾಡುವ ಆ ಬುದ್ಧಿ ಅವಳು ಕಂಡಂತೆ ಒಬ್ಬನಿಗೇ ಇತ್ತು. ಅವನೊಂದಿಗೆ ಅವಳು ಸಂಸಾರ ಮಾಡುತ್ತಿದ್ದಳು.

ಡ್ರೈವರ್ ನೆಲ ನೋಡುತ್ತ ಹೇಳಿದ:

"ನಾನೇ ಕೇಳಿದ್ದು, ತಂಗೀ. ಇಲ್ಲಿ ಕರೆಂಟು ಏರಿಳೀತಾನೇ ಇರುತ್ತೆ. ಆ ರಿಲೇ ಟಕಟಕ ಟಕಟಕ ಅಂತ ಕಣ್ಣು ಮುಚ್ಚೋಕೆ ಬಿಡ್ತಿರಲಿಲ್ಲ. ನಿಮ್ಮನೆಯವರು ಬಂದು ತೆಗೆದುಕೊಟ್ರು. ಕೇಬಲ್ ಹಾಕೋ ಮುಂಚೆ ಇನ್ವರ್ಟರ್ ಆರಿಸಿ, ಕಿತ್ತ ಮೇಲೆ ಹಾಕಿ ಅಂದ್ರು. ನಿಮಗೆ ಹೇಳ್ಬೇಡಿ ಅಂದ್ರು."

ಕರೆಂಟು ಹೊಡೆದ ದಿನ ಮೈದಾನದ ಕಾವಲುಗಾರ ಕಂಬದ ಸ್ವಿಚ್ ಆರಿಸಿ ಹೋಗಿದ್ದ. ಫ್ಯಾನ್ ನಿಂತಿತೆಂದು ಡ್ರೈವರನ ಹೆಂಡತಿ ಇನ್ವರ್ಟರ್ ಹಾಕಿದಳು. ಸತ್ತ ಕೇಬಲ್ ಇನ್ನೇಕೆಂದು ಹೊರಗೆ ಬಂದು ಕಿತ್ತಳು. ಒಳಗಿನ ಬ್ಯಾಟರಿಯ ಕರೆಂಟು ಹೆಣೆದ ವೈರುಗಳ ದಾರಿ ಹಿಡಿದು ಗಾಡಿಯ ಪಕ್ಕೆಯ ಪಿನ್ನುಗಳಿಗೆ ಬಂದು ನಿಂತಿತ್ತು. ಬೆರಳು ಅವಕ್ಕೇ ತಾಗಿತು.

ಟಕಟಕ ನಿಲ್ಲಿಸುವುದೇನು ಬ್ರಹ್ಮವಿದ್ಯೆಯಲ್ಲ. ಕರೆಂಟು ನೆಟ್ಟಗಾಗುವವರೆಗೆ ಕಾಯುವ ಒಂದು ಟೈಮರ್, ಸದ್ದು ನುಂಗಲು ರಿಲೇಯಡಿ ರಬ್ಬರಿನ ತುಂಡು. ಕೇಳಿದ್ದರೆ ಅರ್ಧ ದಿನದಲ್ಲಿ ಮಾಡಿಕೊಡುತ್ತಿದ್ದಳು.

ಶೆಡ್ಡಿಗೆ ಬಂದಾಗ ಗಂಡ ಗೊರಡನ್ನು ಬದಿಗಿಟ್ಟು ಕೂತೇ ಇದ್ದ.

"ಯಾಕ್ರೀ ಕಿತ್ರಿ?"

"ನಿದ್ದೆ ಇಲ್ಲ ಅಂದ್ರು, ಪಾಪ. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ನನಗೆ ಹೇಳೋಕೇನು ಧಾಡಿ?"

"ಹೇಳಿದ್ರೆ ನೀನು ಕೂಗಾಡ್ತೀಯ."

ಅಲ್ಲಿಗೆ ಅವಳ ಪಿತ್ತ ನೆತ್ತಿಗೇರಿತು.

"ಕೂಗಾಡ್ತೀನಿ! ಕೂಗಾಡಿ, ಆಮೇಲೆ ಹೋಗಿ ಸರಿಮಾಡಿ ಬರ್ತಿದ್ದೆ! ಕೆಲಸ ತಡ ಆಗುತ್ತೆ ಅನ್ನೋಳು ನಾನು, ಆಗಲ್ಲ ಅನ್ನೋಳು ನಾನು. ನೀವು ನಗ್ತಾ ನಗ್ತಾ ಹೂಂ ಅಂತೀರ. ನೀವು ಊರಿಗೆಲ್ಲ ಒಳ್ಳೆಯವರಾಗಿರ್ಲಿ ಅಂತ ನಾನು ಊರಿಗೆಲ್ಲ ಕೆಟ್ಟವಳಾದೆ. ನಿಮ್ಮ ಹೂಂ ಇವತ್ತು ಆ ಹೆಂಗಸಿನ ಕೈ ಮುರೀತು. ನನ್ನ ಬಾಯಿ ಇಷ್ಟು ವರ್ಷದಲ್ಲಿ ಯಾರ ಕೈ ಮುರಿದಿದೆ, ಹೇಳಿ?"

ಆ ರಾತ್ರಿ ಅವಳು ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ.

ಮರುದಿನ ಹೊಸ ರಿಲೇ, ಟೈಮರನ್ನು ಸಲಕರಣೆ ಡಬ್ಬಿಯಲ್ಲಿ ಹಾಕಿಕೊಂಡು ಅವನನ್ನೂ ಹಿಂದೆ ಕೂರಿಸಿಕೊಂಡು ಹೋದಳು. ಕೈಗೆ ಪಟ್ಟಿ ಹಾಕಿಸಿಕೊಂಡ ಡ್ರೈವರನ ಹೆಂಡತಿ ಗಾಡಿಯ ಮೆಟ್ಟಿಲಲ್ಲೇ ಕೂತಿದ್ದಳು. ರಿಲೇ ತೆಗೆಸಿದ್ದನ್ನು ಡ್ರೈವರ್ ನಾಚಿಕೆಗೆ ಅವಳಿಗೆ ಹೇಳಿರಲಿಲ್ಲ.

"ಬಂದೆಯಾ ತಾಯಿ? ಬಾಯಿ ನೋಡಿದ್ರೆ ಬಜಾರಿ, ಕೆಲಸ ನೋಡಿದ್ರೆ ಇಷ್ಟು! ನಾನು ಸತ್ತಿದ್ರೂ ಹೀಗೇ ಡಬ್ಬಿ ಹಿಡ್ಕೊಂಡು ಬರ್ತಿದ್ದೆ, ಅಲ್ವಾ?"

ಸಿಡಿಲಕ್ಕನ ಕಿವಿ ಕಾದವು. ಆದರೂ ಹಲ್ಲು ಕಚ್ಚಿಕೊಂಡು ನಿಂತಳು. ನೋವು ತಿಂದವಳು ಬೈಯುವುದನ್ನು ಅರ್ಧಕ್ಕೆ ತಡೆಯಬಾರದು ಎನಿಸಿತು. ಅವಳ ಬೈಗುಳ ಮುಗಿದ ಮೇಲೆ ಗಂಡನತ್ತ ತಿರುಗಿ, "ಹೇಳ್ರೀ" ಎಂದಳು.

"ಅದು ಏನಾಯ್ತು ಅಂದ್ರೆ... ಆ ಸಮಯದಲ್ಲಿ..."

"ಬಳಸು ದಾರಿ ಬೇಡ."

ಅವನು ಮೆಟ್ಟಿಲ ಮುಂದೆ ಬಂದು ನಿಂತ. "ನಾನೇ ಕಿತ್ತೆ, ಅಮ್ಮಾ. ಅಪಾಯ ಅಂತ ಗೊತ್ತಿತ್ತು. ಗೊತ್ತಿದ್ದೂ ಕಿತ್ತೆ."

ಗೊತ್ತಿತ್ತು ಎಂಬುದನ್ನು ಸಿಡಿಲಕ್ಕ ಆಗಲೇ ಮೊದಲ ಸಲ ಕೇಳಿದ್ದು. ಪೆದ್ದುತನ ಎಂದು ಒಂದು ರಾತ್ರಿಯೆಲ್ಲ ಅವನ ಪರ ತಾನೇ ವಾದಿಸಿಕೊಂಡಿದ್ದಳು.

ಡ್ರೈವರನ ಹೆಂಡತಿ ಇಬ್ಬರನ್ನೂ ನೋಡಿದಳು. "ಹಾಗಾದ್ರೆ ಈಗ ನಾನು ಬೈದಿದ್ದೆಲ್ಲ ಈ ಯಪ್ಪನಿಗೆ ಸೇರ್ಬೇಕಿತ್ತಾ?"

"ಸೇರಿಸಿ" ಎಂದು ಸಿಡಿಲಕ್ಕ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಸೀಟಿನಡಿ ತಲೆ ತೂರಿಸಿ ವೈರು ಬಿಗಿಯುತ್ತಿದ್ದಷ್ಟು ಹೊತ್ತೂ ಹೊರಗೆ ಮಂಗಳಾರತಿ ನಡೆದೇ ಇತ್ತು. ಗಂಡ ಅಡ್ಡ ಮಾತಾಡಲಿಲ್ಲ, ನಗಲೂ ಇಲ್ಲ.

ಡ್ರೈವರನ ಹೆಂಡತಿಯ ಕೈ ಕೂಡಿಕೊಂಡಿತು, ಚೂರು ಸೊಟ್ಟಗೆ. ಅಂಗಡಿಯ ಫೋನು ಅಂದಿನಿಂದ ಗಂಡನ ಜೇಬಿಗೆ ಬಂತು. ಆಗಲ್ಲ ಎನ್ನುವುದು ಇನ್ನು ಅವನ ಪಾಲಿನ ಕೆಲಸ. ಮೊದಲ ಸಲ ಅವನು ಎಷ್ಟು ಮೆತ್ತಗೆ "ಆಗಲ್ಲ" ಎಂದನೆಂದರೆ, ಗಿರಾಕಿ ಅದನ್ನು ಹೂಂ ಎಂದೇ ತಿಳಿದು "ಸರಿ ಸಾರ್, ಹಾಗಾದ್ರೆ ನಾಳೆ ಬರ್ತೀನಿ" ಎಂದುಬಿಟ್ಟ. ಸಿಡಿಲಕ್ಕ ಗಾಡಿಯೊಳಗಿಂದ ತಲೆ ಹೊರಹಾಕಿ ಸುಮ್ಮನೆ ದುರುಗುಟ್ಟಿದಳು. ಅವನು ಬೆವರು ಒರೆಸಿಕೊಂಡು ಅದೇ ನಂಬರಿಗೆ ಮತ್ತೆ ಫೋನ್ ಮಾಡಿದ.