ಚೌಕಾಸಿ ಗಿರಾಕಿ

ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್‌ಗೆ ಯಾಕಮ್ಮ ಎಂದು ಹೆಸರಿಟ್ಟವನು ನಾನೇ. ಇಪ್ಪತ್ತಾರು ವರ್ಷದಿಂದ ಪಿಪೆಟ್ ಹಿಡಿದರೂ "ಯಾಕೆ?" ಎನ್ನುವ ಚಾಳಿ ಬಿಟ್ಟಿಲ್ಲ. ಫ್ರಿಜ್ ಗುಂಯ್‌ಗುಟ್ಟಿದರೂ ಯಾಕೆ, ನಾನು ಸುಮ್ಮನಿದ್ದರೂ ಯಾಕೆ. ನಿಜ ಹೇಳುತ್ತೇನೆ, ತಲೆ ಚಿಟ್ಟು ಹಿಡಿಯುತ್ತಿತ್ತು.

ನಮ್ಮ ಕೆಲಸ ಟಿ-ಕೋಶಗಳದ್ದು. ರಕ್ತದಲ್ಲಿ ಸುತ್ತುತ್ತ ಸೋಂಕು ತಗುಲಿದ ಕೋಶಗಳನ್ನು ಪತ್ತೆ ಹಚ್ಚುವಂಥವು. ಒಂದೊಂದರ ಮೈಮೇಲೂ ಗುರುತು ಹಿಡಿಯುವ ಒಂದೊಂದು ಬಗೆಯ ಕೊಂಡಿ, ಅದಕ್ಕೆ ಗ್ರಾಹಕ ಎಂದು ಹೆಸರು. ತನಗೆ ಹೊಂದುವ ರೋಗಾಣುವಿನ ಚೂರು ಸಿಕ್ಕರಷ್ಟೇ ಅದು ಎಚ್ಚೆತ್ತುಕೊಳ್ಳುತ್ತದೆ. ಪಠ್ಯಪುಸ್ತಕದ ಆ ಹೆಸರು ಕಂಡರೆ ಯಾಕಮ್ಮನಿಗೆ ನಗು. "ಗ್ರಾಹಕನೇ ಸರಿ ಕಣೋ, ಭಾರಿ ಚೌಕಾಸಿ ಗಿರಾಕಿ!"

ಆ ವರ್ಷ ಮೂಳೆಮಜ್ಜೆ ಕಸಿಯಾಗಿದ್ದ ಬಸ್ ಡ್ರೈವರೊಬ್ಬರಿಗೆ ವೈರಸ್ ಅಂಟಿತು. ಯಾವ ಔಷಧಿಯೂ ನಾಟಲಿಲ್ಲ. ಅವರಿಗೆ ಕೊಡಲೆಂದು, ಮಜ್ಜೆ ಕೊಟ್ಟಿದ್ದ ತಂಗಿಯ ಟಿ-ಕೋಶಗಳನ್ನೇ ಎರಡು ವಾರ ಬೆಳೆಸಿದೆವು. ಕಸಿಗೆ ಮುಂಚೆ ತೆಗೆದಿಟ್ಟ ಅಣ್ಣನ ಕೋಶಗಳಿಗೆ ವೈರಸ್ಸಿನ ಚೂರು ಅಂಟಿಸಿ ಪರೀಕ್ಷೆಯ ತಟ್ಟೆಯ ಗುಳಿಯಲ್ಲಿ ಅವುಗಳ ಎದುರಿಗಿಟ್ಟರೆ, ಗುರುತು ಸಿಕ್ಕ ಕಡೆ ನೀಲಿ ಚುಕ್ಕೆ ಏಳಬೇಕು. ಒಂದೂ ಏಳಲಿಲ್ಲ. ನಿಮ್ಮ ಕೋಶಗಳು ಉಪಯೋಗಕ್ಕೆ ಬರುವುದಿಲ್ಲ ಎಂದು ಡಾಕ್ಟರು ತಂಗಿಗೆ ಹೇಳಿಯೂಬಿಟ್ಟರು.

"ಯಾಕೆ?" ಎಂದರು ಯಾಕಮ್ಮ.

"ಬಿಡಿ ಮೇಡಂ, ಸತ್ತಿರ್ಬೇಕು."

"ಸತ್ತಿದ್ರೆ ಪಕ್ಕದ ಗುಳೀಲಿ ಇಷ್ಟೊಂದು ಚುಕ್ಕೆ ಯಾಕೋ?" ಅದು, ಕೋಶಗಳು ಬದುಕಿವೆಯೇ ಎಂದು ನೋಡಲು, ಎಲ್ಲವನ್ನೂ ಕೆರಳಿಸುವ ಮದ್ದು ಹಾಕಿದ ಗುಳಿ.

ಅವರು ಸೀದಾ ಫ್ರೀಜರ್ ತೆರೆದರು. ನಳಿಕೆಗಳ ಮೇಲೆ ಹೆಸರು ಬರೆಯುವಂತಿರಲಿಲ್ಲ, ಬರೀ ನಂಬರು. ನಮ್ಮ ನೆನಪಿಗೆ ಪಕ್ಕದಲ್ಲಿ ಸಂಬಂಧ ಗೀಚಿಕೊಳ್ಳುತ್ತಿದ್ದೆವು. ನಂಬರಿನ ಮೇಲೆ ಮಂಜು ಕಟ್ಟಿದರೆ ಅದೇ ಗತಿ. ಪೆಟ್ಟಿಗೆಯಲ್ಲಿ ಇಬ್ಬರು 'ಅಣ್ಣ' ಇದ್ದರು. ಒಬ್ಬರು ನಮ್ಮ ಡ್ರೈವರು. ಇನ್ನೊಬ್ಬ ಬೇರೆ ಮನೆಯವನು, ತಮ್ಮನಿಗೆ ಮಜ್ಜೆ ಕೊಟ್ಟ ಅಣ್ಣ. ಪರೀಕ್ಷೆಗೆಂದು ಯಾಕಮ್ಮ ಅವತ್ತು ಎತ್ತಿಕೊಂಡಿದ್ದು ಆ ಇನ್ನೊಬ್ಬನನ್ನು.

ಅವರ ಮುಖ ಬಿಳುಚಿಕೊಂಡಿತು. ಆದರೂ ಕುತೂಹಲ ಸುಮ್ಮನಿರಬೇಕಲ್ಲ! "ನೋಡೋ, ಚೂರು ಅದೇ. ಹಿಡಿದು ತೋರಿಸಿದ ಕೈ ಮಾತ್ರ ಪರರದ್ದು. ಗಿರಾಕಿ ಮಾಲೊಂದನ್ನೇ ನೋಡಲ್ಲ, ಯಾರ ಕೈಲಿದೆ ಅಂತಾನೂ ನೋಡುತ್ತೆ!" ನಮ್ಮ ಈ ಅಣ್ಣತಂಗಿಯರ ಕೋಶಗಳಲ್ಲಿ ಚೂರನ್ನು ಹಿಡಿದು ತೋರಿಸುವ ಆ ಕೈ ಒಂದೇ ಬಗೆಯದು, ಕಸಿ ಹೊಂದಿದ್ದೂ ಅದಕ್ಕೇ.

ಯಾಕಮ್ಮ ತಾವೇ ಹೋಗಿ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡರು. ಫಲಿತಾಂಶ ಬರುವವರೆಗೆ ತಂಗಿಗೆ ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದರು ಡಾಕ್ಟರು. ಸರಿಯಾದ ಅಣ್ಣನನ್ನಿಟ್ಟು ಮತ್ತೆ ಮಾಡಿದೆವು. ಮರುದಿನ ಸಂಜೆ ಗುಳಿಯ ತುಂಬ ಚುಕ್ಕೆ.

ತಂಗಿಗೆ ತಿಳಿಸಲು ನಾನು ಫೋನ್ ಎತ್ತಿಕೊಂಡೆ. ಯಾಕಮ್ಮ ಬೇಡವೆಂದು ತಾವೇ ಹೊರಟರು, ನಾನೂ ಹಿಂದೆ ಹೋದೆ. ತಂಗಿ ನೆಲಮಹಡಿಯ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದರು.

"ನಿಮ್ಮ ಕೋಶಗಳು ಸರಿಯಾಗೇ ಇವೆಯಮ್ಮ. ಎಡವಟ್ಟು ಮಾಡಿದ್ದು ನಾನು."

ಆಕೆ ರೇಗುತ್ತಾರೆಂದು ನಾನು ಹೆದರಿದ್ದೆ.

"ನಿನ್ನೆ ಇಲ್ಲೀತನಕ ಬಂದು ವಾಪಸ್ ಹೋದೆ ಮೇಡಂ. ಇವತ್ತೂ ಮೇಲೆ ಹೋಗೋಕೆ ಕಾಲೇ ಬರ್ತಿಲ್ಲ. ಅಣ್ಣಂಗೆ ಏನಂತ ಹೇಳೋದು? ಈಗ... ಈಗ ಹೇಳ್ಬಹುದಾ?"

"ಹೇಳಿ."

ಆಕೆ ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಮೆಟ್ಟಿಲು ಓಡಿದರು. ಯಾಕಮ್ಮ ಅದೇ ಬೆಂಚಿನ ಮೇಲೆ ಕುಸಿದು ಕೂತು ಗಳಗಳನೆ ಅತ್ತರು.